ಬಾಲಣ್ಣನಿಗೊಂದು ಬೈಗುಳ

ಹಳೆಯ ಕನ್ನಡ ಸಿನಿಮಾದಲ್ಲಿ ನಾಯಕನಿಗೆ ಬಾಲ್ಯವೆಂಬುದೊಂದು ಉಂಟು. ತೊಟ್ಟಿಲಲ್ಲಿ ಅಳುತ್ತಾನೆ, ಜಾತ್ರೆಯಲ್ಲಿ ಕಳೆದುಹೋಗುತ್ತಾನೆ, ಓಡುವ ಕಾಲುಗಳನ್ನೋ ತಿರುಗುವ ಗಾಡಿ ಚಕ್ರವನ್ನೋ ಒಂದು ಗಳಿಗೆ ತೋರಿಸಿದರೆ ಸಾಕು, ಮೀಸೆ ಮೂಡಿಸಿಕೊಂಡು ಹಾಡುತ್ತ ಬಂದುಬಿಡುತ್ತಾನೆ. ಪೋಷಕ ನಟನಿಗೆ ಈ ಯೋಗವಿಲ್ಲ. ಅವನು ಹುಟ್ಟುವಾಗಲೇ ಐವತ್ತು ವರ್ಷದವನು. ಹೆಗಲ ಮೇಲೆ ವಲ್ಲಿ, ಕೈಯಲ್ಲಿ ಕೊಡೆ, ಕಂಕುಳಲ್ಲಿ ಲೆಕ್ಕದ ಪುಸ್ತಕ, ಇಷ್ಟನ್ನು ಹೊತ್ತುಕೊಂಡೇ ಭೂಮಿಗೆ ಬೀಳುತ್ತಾನೆ. ಹೆಂಡತಿ ಇದ್ದರೆ ಗಯ್ಯಾಳಿ, ಮಗಳಿದ್ದರೆ ನಾಯಕನಿಗೆ ಮನಸ್ಸು ಕೊಟ್ಟವಳು, ಮಗನಿದ್ದರೆ ಅಬ್ಬೇಪಾರಿ. ಅವನಿಗೂ ಒಬ್ಬ ತಾಯಿ ಇದ್ದಿರಬಹುದು, ಆಕೆಯೂ ಅವನಿಗೆ ತುತ್ತು ಕೊಟ್ಟಿರಬಹುದು ಎಂದು ಯಾವ ನಿರ್ದೇಶಕರಿಗೂ ಹೊಳೆಯಲಿಲ್ಲ.

ಟಿ.ಎನ್. ಬಾಲಕೃಷ್ಣ ಅವರನ್ನೇ ನೋಡಿ. ಹೆಸರಿನಲ್ಲಿ ಬಾಲಕನಿದ್ದಾನೆ, ತೆರೆಯ ಮೇಲೆ ಆ ಬಾಲಕನನ್ನು ಕಂಡವರಿಲ್ಲ. ಅರಸೀಕೆರೆಯ ಕಡೆಯವರು. ನಾಟಕ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದಲ್ಲಿ ಸಿನಿಮಾಕ್ಕೆ ಕಾಲಿಟ್ಟರು. ಆಗ ಅವರಿನ್ನೂ ಯುವಕರೇ. ಅಲ್ಲಿಂದ 1995ರ ಜುಲೈನಲ್ಲಿ ತೀರಿಕೊಳ್ಳುವವರೆಗೆ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡರು. ಖಳ, ಅರೆಖಳ, ಹಾಸ್ಯ, ಅಪ್ಪ, ಮಾವ, ಶ್ಯಾನುಭೋಗ, ಸಾಹುಕಾರ, ಪಟೇಲ, ಪುರೋಹಿತ. ಊರೆಂದ ಮೇಲೆ ಯಾರ್‍ಯಾರು ಇರಬೇಕೋ ಅವರೆಲ್ಲ ಅವರೇ. ಮರ ಸುತ್ತಿದ್ದಕ್ಕಿಂತ ಮನೆ ಮುರಿದದ್ದೇ ಹೆಚ್ಚು. ಇಡೀ ಕರ್ನಾಟಕ ಅವರನ್ನು ಬಾಲಣ್ಣ ಎಂದಿತು. ಅಣ್ಣ ಎನ್ನುತ್ತಲೇ ಬಾಯ್ತುಂಬ ಬೈದಿತು.

ಪೋಷಕ ನಟರ ವಂಶವೃಕ್ಷವನ್ನು ಹುಡುಕುತ್ತ ಹೋದರೆ ಕನ್ನಡದಲ್ಲಿ ಅದು ಸೀದಾ ಲಂಕೆಗೆ ಹೋಗಿ ಮುಟ್ಟುತ್ತದೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ‘ಸತಿ ಸುಲೋಚನ’ದಲ್ಲಿ ಸುಬ್ಬಯ್ಯ ನಾಯ್ಡು ಅವರು ಇಂದ್ರಜಿತು, ತ್ರಿಪುರಾಂಬ ಅವರು ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಹತ್ತು ತಲೆ, ಇಪ್ಪತ್ತು ತೋಳು, ಹೊನ್ನಿನ ಊರು ಎಲ್ಲ ಇದ್ದೂ ಮಗನ ಸಿನಿಮಾದಲ್ಲಿ ಅಪ್ಪನ ಪಾತ್ರ! ತ್ರಿಲೋಕವನ್ನೇ ಗೆದ್ದವನಿಗೆ ಕನ್ನಡದ ಮೊದಲ ವಾಕ್ಚಿತ್ರದಲ್ಲಿ ನಾಯಕನ ಪಟ್ಟ ಸಿಗಲಿಲ್ಲ ಎಂದ ಮೇಲೆ ಮಿಕ್ಕ ಶ್ಯಾನುಭೋಗರ ಪಾಡೇನು?

ನಾಗೇಂದ್ರರಾಯರು ಬರೀ ನಟರಾಗಿ ಉಳಿಯಲಿಲ್ಲ. ನಾಟಕ ಮಂಡಳಿ ನಡೆಸಿದರು, ಚಿತ್ರ ತೆಗೆದರು, ನಿರ್ದೇಶಿಸಿದರು, 1941ರ ‘ವಸಂತಸೇನೆ’ಯಲ್ಲಿ ಶಕಾರನಾಗಿ ಜನರನ್ನು ನಗಿಸಿ ಹೆದರಿಸಿದರು. ನನಗೆ ಮಾತ್ರ ಅವರ ವೃತ್ತಿಜೀವನದ ಎರಡು ತುದಿಗಳೇ ಮತ್ತೆ ಮತ್ತೆ ನೆನಪಾಗುತ್ತವೆ. 1934ರಲ್ಲಿ ಅವರ ಸೊಸೆ ಗಂಡನ ಚಿತೆ ಏರುವ ಸತಿ. 1968ರಲ್ಲಿ, ತ್ರಿವೇಣಿಯವರ ಕಾದಂಬರಿಯಿಂದ ಬಂದ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ಅವರು ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗಳ ತಂದೆ. ಆ ಮಗಳು ಕಲ್ಪನಾ, ಆಕೆಗೆ ಮರುಮದುವೆ. ಒಬ್ಬ ನಟ ಒಂದೇ ಜನ್ಮದಲ್ಲಿ, ಬರೀ ಹಿರಿಯರ ಪಾತ್ರ ಮಾಡಿಕೊಂಡೇ, ಚಿತೆಯಿಂದ ಹಸೆಮಣೆಯವರೆಗೆ ನಡೆದುಬಂದರು. ನಾಯಕ ನಟರಿಗೆ ಇದು ಸಾಧ್ಯವಾಗುತ್ತಿರಲಿಲ್ಲ. ಅವರು ಪ್ರತಿ ಚಿತ್ರದಲ್ಲೂ ಪ್ರೀತಿಸಬೇಕಿತ್ತು, ಸಮಾಜದ ಕಡೆ ನೋಡಲು ಪುರಸೊತ್ತೆಲ್ಲಿ?

ಆ ಕಾಲದ ಸಿನಿಮಾ ನಟನ ಬದುಕನ್ನು ಇವತ್ತಿನ ಲೆಕ್ಕದಲ್ಲಿ ಅಳೆಯಬಾರದು. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರ ತಯಾರಾಗುತ್ತಿತ್ತು, ಒಂದೊಂದು ವರ್ಷ ಬೆರಳೂ ಹೆಚ್ಚಾಗುತ್ತಿತ್ತು. ಸುಲೋಚನೆ ತಯಾರಾದದ್ದೇ ಕೊಲ್ಹಾಪುರದಲ್ಲಿ. ಮುಂದೆ ಕೊಯಮತ್ತೂರು, ಮದರಾಸು. ಮೈಸೂರಿನಲ್ಲಿ ನವಜ್ಯೋತಿ, ಆಮೇಲೆ ಪ್ರೀಮಿಯರ್ ಸ್ಟುಡಿಯೋ ಎದ್ದವಾದರೂ ಹೆಚ್ಚಿನ ಕನ್ನಡ ಚಿತ್ರಗಳು ಮದರಾಸಿನ ಫ್ಲೋರುಗಳಲ್ಲೇ ಕಣ್ಣು ಬಿಡುತ್ತಿದ್ದವು. ಒಂದು ಚಿತ್ರ ಮುಗಿದರೆ ಪೋಷಕ ನಟ ಮತ್ತೆ ಟ್ರಂಕು ಹೊತ್ತು ನಾಟಕ ಕಂಪನಿಯ ಕ್ಯಾಂಪಿಗೆ ಹೊರಡುತ್ತಿದ್ದ. ಕಂಪನಿಯಲ್ಲಿ ಊಟ ಉಂಟು, ಸಂಬಳ ಉಂಟೋ ಇಲ್ಲವೋ ಕಲೆಕ್ಷನ್ ನೋಡಿ ಹೇಳಬೇಕು. ಮಳೆ ಹಿಡಿಯಿತೆಂದರೆ ಹರಿಶ್ಚಂದ್ರನಿಗೂ ವಿಶ್ವಾಮಿತ್ರನಿಗೂ ಒಂದೇ ಪಂಕ್ತಿಯಲ್ಲಿ ತಿಳಿಸಾರು.

ಕಂಪನಿಯಲ್ಲಿ ಇನ್ನೊಂದು ಅನುಕೂಲವಿತ್ತು. ಸೈಡ್ ವಿಂಗಿನ ಹಿಂದೆ ಒಬ್ಬಾತ ಪುಸ್ತಕ ಹಿಡಿದು ನಿಂತಿರುತ್ತಿದ್ದ. ರಾಜ ಮಹಾರಾಜರು ಮಾತು ಮರೆತರೆ ಇವನು ಮೆಲ್ಲಗೆ ಎತ್ತಿಕೊಡುತ್ತಿದ್ದ. ಬಾಲಕೃಷ್ಣ ಅವರಿಗೆ ಈ ಪುಣ್ಯಾತ್ಮನಿಂದ ನಯಾಪೈಸೆ ಪ್ರಯೋಜನವಿರಲಿಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಮಾತು ಬಂದ ಮೇಲೆ ಹುಟ್ಟಿದ ಕನ್ನಡ ಸಿನಿಮಾದಲ್ಲಿ, ಕಿವಿ ಕೇಳದ ಮನುಷ್ಯನೊಬ್ಬ ಅರ್ಧ ಶತಮಾನ ಮಾತಿನಿಂದಲೇ ಅನ್ನ ಸಂಪಾದಿಸಿದ ಎಂಬುದನ್ನು ಇನ್ನೊಮ್ಮೆ ಓದಿಕೊಳ್ಳಿ. ಎದುರಿನವರ ತುಟಿಯ ಚಲನೆ ನೋಡಿ ಅವರು ಮಾತು ಹಿಡಿಯುತ್ತಿದ್ದರು. ಹಾಗಾಗಬೇಕಾದರೆ ತನ್ನ ಪಾಲಿನ ಮಾತು ಬಾಯಿಗೆ ಬಂದರೆ ಸಾಲದು, ಎದುರಾಳಿಯ ಮಾತೂ ತಲೆಯಲ್ಲಿರಬೇಕು. ಅವನು ಯಾವ ಪದಕ್ಕೆ ಬಾಯಿ ಮುಚ್ಚುತ್ತಾನೆ, ಎಲ್ಲಿ ಉಸಿರೆಳೆಯುತ್ತಾನೆ ಎಂಬ ಲೆಕ್ಕವೂ ಇರಬೇಕು. ಕಿವಿ ನೆಟ್ಟಗಿದ್ದವರು ತಡವರಿಸಿ ರೀಲು ಹಾಳು ಮಾಡುತ್ತಿದ್ದ ಕಾಲದಲ್ಲಿ, ಕಚ್ಚಾ ಫಿಲಂ ಬಂಗಾರದ ಬೆಲೆಗೆ ಸಿಗುತ್ತಿದ್ದ ಕಾಲದಲ್ಲಿ, ನಿರ್ಮಾಪಕರು ಈ ಮನುಷ್ಯನನ್ನೇ ಮತ್ತೆ ಮತ್ತೆ ಕರೆದರು.

ನನಗೊಂದು ಅನುಮಾನವಿದೆ. ಬಾಲಣ್ಣನವರ ಖಳತನದ ಗುಟ್ಟೇ ಈ ತುಟಿ ನೋಡುವ ಅಭ್ಯಾಸದಲ್ಲಿತ್ತೇನೋ. ಅವರ ಯಾವುದೇ ಹಳೆಯ ದೃಶ್ಯ ನೋಡಿ, ಎದುರಿನವರು ಮಾತಾಡುವಾಗ ಅವರ ಕಣ್ಣು ಆ ಮುಖದಿಂದ ಕದಲುವುದಿಲ್ಲ. ಕತ್ತು ತುಸು ಮುಂದೆ ಚಾಚಿ, ಬಾಯನ್ನೇ ದಿಟ್ಟಿಸುತ್ತ ನಿಂತಿರುತ್ತಾರೆ. ಬಡಪಾಯಿ ವಿಧವೆ ತನ್ನ ಎರಡು ಎಕರೆ ಗದ್ದೆಯ ಸಂಗತಿ ಹೇಳಿಕೊಳ್ಳುತ್ತಿದ್ದರೆ, ಈ ಮನುಷ್ಯ ಒಂದೊಂದು ಅಕ್ಷರವನ್ನೂ ನುಂಗುವ ಹಾಗೆ ಕಾಣುತ್ತಾರೆ. ನಾವು ಅದನ್ನು ದುರಾಸೆ ಎಂದುಕೊಂಡೆವು. ಅವರು ಪಾಪ, ಆಕೆಯ ಮಾತು ಎಲ್ಲಿ ಮುಗಿಯುತ್ತದೆ ಎಂದು ಕಾಯುತ್ತಿದ್ದರೋ ಏನೋ. ಮುಗಿದ ತಕ್ಷಣ ಶುರುವಾಗುತ್ತಿತ್ತು ಅವರ ವರಸೆ. ಅಡಕತ್ತರಿಯಲ್ಲಿ ಗೋಟಡಿಕೆ ಕತ್ತರಿಸಿದ ಹಾಗೆ ಮಾತನ್ನು ಹೋಳು ಹೋಳು ಮಾಡಿ, ಕೊನೆಯ ಹೋಳನ್ನು ಮೂಗಿನಲ್ಲಿ ಎಳೆದು ಬಿಡುವುದು. ಊರ ಹುಡುಗರೆಲ್ಲ ಅದನ್ನು ಅನುಕರಿಸುತ್ತಿದ್ದೆವು. ಯಾರಿಗೂ ಬರುತ್ತಿರಲಿಲ್ಲ.

ನಮ್ಮೂರ ಬಯಲಿಗೆ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸು ಬರುತ್ತಿತ್ತು. ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಶುರುವಾದರೆ ಟಿಕೇಟು ಕೊಡುತ್ತಿದ್ದಾರೆ ಎಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ವರ್ಣಾಶ್ರಮ. ಒಂದೇ ಪ್ರೊಜೆಕ್ಟರು ಇರುತ್ತಿದ್ದರಿಂದ ರೀಲು ಬದಲಿಸುವಾಗೆಲ್ಲ ಇಂಟರ್‌ವಲ್ಲು, ಆಗೆಲ್ಲ ಕಡಲೆಕಾಯಿ. ನಮ್ಮಜ್ಜಿ ನೆಲದವಳು. ಮರಳು ಗುಡ್ಡೆ ಹಾಕಿಕೊಂಡು ಅದರ ಮೇಲೆ ಕೂತು, ಎಲೆಯಡಿಕೆ ಚೀಲ ಬಿಚ್ಚಿ, ತೆರೆಯ ಮೇಲೆ ಬಾಲಣ್ಣ ಕಾಣಿಸಿಕೊಳ್ಳುವುದನ್ನೇ ಕಾಯುತ್ತಿದ್ದಳು. ಕಂಡೊಡನೆ ಶುರು. “ಬಂದ ನೋಡು ಮುಂಡೇಗಂಡ. ನಿನ್ ಮನೆ ಎಕ್ಕುಟ್ಟೋಗ! ಲೇ ಹುಡ್ಗಿ, ಹೆಬ್ಬೆಟ್ಟು ಒತ್ತಬ್ಯಾಡ ಕಣೇ!”

ಹುಡುಗಿ ಒತ್ತುತ್ತಿದ್ದಳು. ಒತ್ತಲೇಬೇಕು, ಇಲ್ಲದಿದ್ದರೆ ಸಿನಿಮಾ ಮುಂದೆ ಹೋಗುವುದಿಲ್ಲ. ಅಜ್ಜಿಗೆ ಮಾತ್ರ ಆ ಪತ್ರದ ದೃಶ್ಯ ಸ್ವಂತದ್ದು. ಅವಳ ತೌರಿನ ಹೊಲವೊಂದು ಹೀಗೇ ಒಂದು ಹೆಬ್ಬೆಟ್ಟಿನಲ್ಲಿ ಹೋಗಿತ್ತಂತೆ. ಅದನ್ನು ಬರೆಸಿಕೊಂಡ ಆಸಾಮಿಯನ್ನು ಎದುರಿಗೆ ನಿಂತು ಬೈಯುವ ಧೈರ್ಯ ಅವಳಿಗಾಗಲಿ, ಅವಳ ಅಣ್ಣತಮ್ಮಂದಿರಿಗಾಗಲಿ ಇರಲಿಲ್ಲ. ಆತ ಎದುರಾದರೆ ಇವಳು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದಳು. ಆ ಬೈಗುಳವೆಲ್ಲ ಬಡ್ಡಿ ಸಮೇತ ಬಾಲಣ್ಣನವರಿಗೆ ಸಂದಾಯವಾಗುತ್ತಿತ್ತು. ಹೀಗೆ ಎಷ್ಟು ಊರುಗಳ ಎಷ್ಟು ಜನ ತಮ್ಮೂರ ಸಾಹುಕಾರನ ಲೆಕ್ಕವನ್ನು ಅವರ ಖಾತೆಗೆ ಬರೆದರೋ! ಕುರ್ಚಿಯ ಟಿಕೇಟಿನಲ್ಲಿ ನಿಜವಾದ ಸಾಹುಕಾರನೂ ಕೂತು ಅದೇ ಸಿನಿಮಾ ನೋಡಿ “ಛೆ ಛೆ, ಎಂಥಾ ದುಷ್ಟ” ಎಂದು ಕಣ್ಣೊರೆಸಿಕೊಳ್ಳುತ್ತಿದ್ದ. ಅವನಿಗೂ ಅದು ತನ್ನ ವಿಷಯ ಎಂದು ಗೊತ್ತಾಗುತ್ತಿರಲಿಲ್ಲ.

ನರಸಿಂಹರಾಜು ಅವರ ಪಾಡು ಇದಕ್ಕಿಂತ ವಾಸಿ. ತಿಪಟೂರಿನ ಈ ಉಬ್ಬುಹಲ್ಲಿನ ಮಾಂತ್ರಿಕ ತೆರೆಗೆ ಬರುವ ಮೊದಲೇ ಟೆಂಟಿನಲ್ಲಿ ನಗು ಎದ್ದಿರುತ್ತಿತ್ತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆಯಲ್ಲೇ ಬಂದವರು. ‘ಸತ್ಯ ಹರಿಶ್ಚಂದ್ರ’ದ ನಕ್ಷತ್ರಿಕನಾಗಿ, ‘ಶ್ರೀಕೃಷ್ಣದೇವರಾಯ’ದ ತೆನಾಲಿ ರಾಮಕೃಷ್ಣನಾಗಿ ಕಾಡಿದವರು. ಒಂದು ಕಾಲದಲ್ಲಿ ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಶೀಟು ಗಟ್ಟಿ ಮಾಡಿಕೊಂಡು ಆಮೇಲೆ ನಾಯಕನ ಮನೆಗೆ ಹೋಗುತ್ತಿದ್ದರು ಎಂದು ಗಾಂಧಿನಗರದ ಹಳಬರು ಈಗಲೂ ಹೇಳುತ್ತಾರೆ. ಅವರನ್ನು ಜನ ತಬ್ಬಿಕೊಳ್ಳಲು ಬರುತ್ತಿದ್ದರು. ಬಾಲಣ್ಣನವರನ್ನು ಕಂಡರೆ ಹೆಂಗಸರು ಮಗುವನ್ನು ಎತ್ತಿಕೊಂಡು ಒಳಗೆ ಹೋಗಬೇಕು, ಅಂಥ ಕಸುಬು. ಒಂದೇ ಚಿತ್ರದಲ್ಲಿ ಇಬ್ಬರೂ ಇದ್ದರೆ ಒಬ್ಬರು ಬೆಂಕಿ ಇಡುವುದು, ಇನ್ನೊಬ್ಬರು ನೀರು ಹೊಯ್ಯುವುದು. ಅದರ ನಡುವೆ ನಾಯಕ ನಾಯಕಿ ಹೇಗೋ ಮದುವೆಯಾಗುತ್ತಿದ್ದರು.

ತೆರೆಯ ಮೇಲೆ ಹೀಗೆ ಕಿತ್ತಾಡುತ್ತಿದ್ದವರು ತೆರೆಯ ಹಿಂದೆ ಏನು ಮಾಡಿದರು ಎಂಬುದನ್ನು ಅಜ್ಜಿಗೆ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ತಯಾರಿ ಕುಂಟತೊಡಗಿ ಕಲಾವಿದರಿಗೆ ಕೆಲಸವಿಲ್ಲದಾಯಿತು. ಆಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ನಾಲ್ವರೂ ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. ಸಿನಿಮಾದಲ್ಲಿ ಮುಖ ಕಂಡಿದ್ದವರೇ ಎದುರಿಗೆ ನಿಂತಾಗ ಜನ ಮುಗಿಬಿದ್ದರು. ಆ ಸಂಘದ ಹೆಸರಿನಲ್ಲೇ ‘ರಣಧೀರ ಕಂಠೀರವ’ ತಯಾರಾಗಿ 1960ರಲ್ಲಿ ಬಂದು ಗೆದ್ದಿತು. ಕನ್ನಡ ಚಿತ್ರೋದ್ಯಮ ನೆಲ ಕಚ್ಚದಂತೆ ಹೆಗಲು ಕೊಟ್ಟ ನಾಲ್ವರಲ್ಲಿ ನಾಯಕ ಒಬ್ಬರೇ. ಮಿಕ್ಕ ಮೂವರೂ, ನಮ್ಮ ಭಾಷೆಯಲ್ಲಿ ಹೇಳುವುದಾದರೆ, ‘ಮತ್ತಿತರರು’. ಟೈಟಲ್ ಕಾರ್ಡಿನಲ್ಲಿ ಅವಸರವಾಗಿ ಓಡಿಹೋಗುವ ಆ ಪಟ್ಟಿಯನ್ನು ನಾನು ಈಗ ತುಸು ನಿಧಾನವಾಗಿ ಓದುತ್ತೇನೆ.

1972ರಲ್ಲಿ ‘ಬಂಗಾರದ ಮನುಷ್ಯ’ ಬಂತು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿದ್ದು ಎಲ್ಲರಿಗೂ ಗೊತ್ತು. ಬಾಲಣ್ಣ ಅದರಲ್ಲಿ ರಾಚೂಟಪ್ಪ, ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಹಿರಿಯ, ಒಳ್ಳೆಯ ಮನುಷ್ಯ. ನಮ್ಮೂರಿಗೆ ಅದು ತಡವಾಗಿ, ಗೀಚಿದ ಪ್ರಿಂಟಾಗಿ ಬಂತು. ಅಜ್ಜಿ ಎಂದಿನಂತೆ ಚೀಲ ಬಿಚ್ಚಿ ಸಿದ್ಧಳಾದಳು. ರಾಚೂಟಪ್ಪ ಬಂದ, ನಕ್ಕ, ಒಳ್ಳೆಯ ಮಾತಾಡಿದ. ಅಜ್ಜಿ ಬಾಯಿ ಬಿಡಲಿಲ್ಲ. ಮೊದಲ ಇಂಟರ್‌ವಲ್ಲಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. “ನಂಬಬ್ಯಾಡ ಕಣೋ ಮಗ. ಕೊನೇ ರೀಲ್ನಾಗೆ ಪತ್ರ ತೆಗೀತಾನೆ ನೋಡ್ತಿರು.” ಎರಡನೆಯದರಲ್ಲೂ ಅದೇ ಮಾತು. ಕೊನೆಗೆ ರಾಜೀವನೇ ಎಲ್ಲ ಬಿಟ್ಟು ಹೊರಟುಹೋದ. ಟೆಂಟಿಗೆ ಟೆಂಟೇ ಅಳುತ್ತಿರುವಾಗ ಅಜ್ಜಿ ಮಾತ್ರ ಕಂಗಾಲಾಗಿ ಕೂತಿದ್ದಳು. ಪತ್ರ ಬರಲೇ ಇಲ್ಲ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ, ಪಾಪ ಇಷ್ಟು ದಿನ ಯಾರೋ ಹೇಳಿಕೊಟ್ಟು ಹಾಗೆ ಮಾಡಿಸಿರಬೇಕು ಎಂದು ಬಾಲಣ್ಣನವರ ಪರವಾಗಿ ವಾದಿಸಿದಳು. ರಾಜ್ಯ ಪ್ರಶಸ್ತಿಯ ತೀರ್ಪುಗಾರರು ಕೂಡ ಒಬ್ಬ ನಟನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡಿರಲಾರರು.

ನಾಯಕನ ಕೆಲಸ ಸುಲಭವೆಂದು ನಾನು ಹೇಳುತ್ತಿಲ್ಲ. ಆದರೆ ಜನ ನಾಯಕನನ್ನು ದೂರದಿಂದ ಕೈಮುಗಿದು ನೋಡುತ್ತಾರೆ, ಪೋಷಕ ನಟ ಅವರ ಬಂಧು. ಕೆ.ಎಸ್. ಅಶ್ವತ್ಥ್ ‘ನಾಗರಹಾವು’ ಆದಮೇಲೆ ಎಲ್ಲರಿಗೂ ಚಾಮಯ್ಯ ಮೇಷ್ಟ್ರೇ ಆಗಿಬಿಟ್ಟರು. ‘ಭೂತಯ್ಯನ ಮಗ ಅಯ್ಯು’ ನೋಡಿದವರು ಕಥೆ ಮರೆತರೂ ಲೋಕನಾಥ್ ಮತ್ತು ಉಪ್ಪಿನಕಾಯಿಯನ್ನು ಮರೆಯಲಿಲ್ಲ. ಉಪ್ಪಿನಕಾಯಿ ಭರಣಿಯೊಂದರಿಂದ ಅಮರರಾಗುವ ಭಾಗ್ಯ ಯಾವ ನಾಯಕನಿಗಿದೆ ಹೇಳಿ.

ಇನ್ನು ಹೇಳಬೇಕಾದದ್ದು ಜಮೀನಿನ ವಿಷಯ. ತೆರೆಯ ಮೇಲೆ ಬಾಲಣ್ಣ ಬರೆಸಿಕೊಂಡ ಹೊಲ, ಗದ್ದೆ, ತೋಟ, ಮನೆಗಳನ್ನು ಒಟ್ಟು ಮಾಡಿದರೆ ಒಂದು ತಾಲ್ಲೂಕಿಗೆ ಕಡಿಮೆಯಿಲ್ಲ. ನಿಜ ಜೀವನದಲ್ಲಿ ಅವರ ಕೈಗೆ ಬಂದದ್ದು ಇಪ್ಪತ್ತು ಎಕರೆ, ಅದೂ ಸ್ವಂತ ಸುಖಕ್ಕಲ್ಲ. ಕನ್ನಡ ಚಿತ್ರಕ್ಕೆ ಕನ್ನಡ ನೆಲದಲ್ಲೇ ಸ್ಟುಡಿಯೋ ಇರಬೇಕು, ನಮ್ಮವರು ಮದರಾಸಿನಲ್ಲಿ ಬೇರೆಯವರ ಫ್ಲೋರು ಖಾಲಿಯಾಗುವುದನ್ನು ಕಾಯುತ್ತ ಕೂರಬಾರದು ಎಂಬ ಹಟ ಅವರಿಗೆ ಹತ್ತಿತು. 1960ರ ದಶಕದ ಕೊನೆಯ ಹೊತ್ತಿಗೆ ಸರ್ಕಾರ ಮೈಸೂರು ರಸ್ತೆಯ ಕೆಂಗೇರಿ ಬಳಿ ಜಾಗ ಕೊಟ್ಟಿತು. ಅದಕ್ಕೆ ‘ಅಭಿಮಾನ್ ಸ್ಟುಡಿಯೋ’ ಎಂದು ಹೆಸರಿಟ್ಟರು. ಪಾತ್ರ ಮಾಡಿ ಗಳಿಸಿದ್ದನ್ನು ಅದಕ್ಕೆ ಸುರಿದರು. ಸಾಲದ್ದಕ್ಕೆ ಸಾಲ ಮಾಡಿದರು.

ಇಲ್ಲಿ ಅವರ ಸಿನಿಮಾಗಳ ಕಥೆಯೇ ಬುಡಮೇಲಾಯಿತು. ಸಾಲ ಕೊಟ್ಟು ಜಮೀನು ನುಂಗುತ್ತಿದ್ದ ಸಾಹುಕಾರ ಜಮೀನಿಗಾಗಿ ಸಾಲಗಾರನಾದ. ನುಂಗಲು ಬಂದದ್ದು ಜಮೀನು, ನುಂಗಿಸಿಕೊಂಡವರು ಬಾಲಣ್ಣ. ಸ್ಟುಡಿಯೋ ಎಂಬುದು ಒಂದು ಸಲ ಕಟ್ಟಿ ಬೀಗ ಹಾಕುವ ವಸ್ತುವಲ್ಲ. ಫ್ಲೋರು, ದೀಪ, ಕ್ಯಾಮರಾ, ಕರೆಂಟು, ಕೆಲಸದವರ ಬಟವಾಡೆ, ದಿನಬೆಳಗಾದರೆ ಬಾಯಿ ತೆರೆದಿರುತ್ತದೆ. ಅಷ್ಟರಲ್ಲಿ ಚಿತ್ರ ತೆಗೆಯುವವರ ರುಚಿಯೂ ಬದಲಾಯಿತು. ನಿರ್ದೇಶಕರು ಸೆಟ್ಟು ಬಿಟ್ಟು ನಿಜವಾದ ಮನೆ, ನಿಜವಾದ ಬೀದಿ, ಚಿಕ್ಕಮಗಳೂರಿನ ತೋಟ ಎಂದು ಹೊರಾಂಗಣಕ್ಕೆ ಹೊರಟರು. ನೆಲದ ಮೇಲೆ ಊರು ಕಟ್ಟಿಕೊಡುತ್ತೇನೆ ಎಂದು ನಿಂತ ಮನುಷ್ಯನಿಗೆ ಊರೇ ಸಿಕ್ಕಿರುವಾಗ ನಿನ್ನ ಹಲಗೆ ಗೋಡೆ ಯಾಕೆ ಎಂದರು. ಅವರು ಮುದುಕರಾದ ಮೇಲೂ ಬಣ್ಣ ಹಚ್ಚುತ್ತಲೇ ಇದ್ದರು. ಎಂಬತ್ತರ ದಶಕದ ಚಿತ್ರಗಳಲ್ಲಿ ಅಜ್ಜನಾಗಿ ಸಣ್ಣ ಸಣ್ಣ ದೃಶ್ಯಗಳಲ್ಲಿ ಅವರನ್ನು ಕಂಡಾಗ ಕಲೆಯ ಮೇಲಿನ ಮೋಹ ಎಂದು ನಾವು ಮೆಚ್ಚಿಕೊಂಡೆವು. ಮೋಹ ಇದ್ದೀತು. ಸ್ಟುಡಿಯೋದ ಖರ್ಚೂ ಇತ್ತು.

ಈಗಿನ ಹುಡುಗರಿಗೆ ಅಭಿಮಾನ್ ಸ್ಟುಡಿಯೋ ಎಂದರೆ ವಿಷ್ಣುವರ್ಧನ್. 2009ರ ಡಿಸೆಂಬರಿನ ಕೊನೆಯಲ್ಲಿ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲಿ. ಆಮೇಲೆ ಸ್ಮಾರಕದ ತಕರಾರು ವರ್ಷಗಟ್ಟಲೆ ನಡೆಯಿತು. ಸರ್ಕಾರದ ಸ್ಮಾರಕ ಕೊನೆಗೆ 2023ರಲ್ಲಿ ಮೈಸೂರಿನ ಬಳಿ ಉದ್ಘಾಟನೆಯಾಯಿತು. ಆ ಜಗಳದ ಸುದ್ದಿ ಟಿ.ವಿ.ಯಲ್ಲಿ ಬಂದಾಗೆಲ್ಲ ಬಾಲಕೃಷ್ಣ ಎಂಬ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಜಾಗದ ಮೂಲ ತಿಳಿಸುವುದಕ್ಕೆ ಮಾತ್ರ. ತಾನು ಕಟ್ಟಿದ ಸ್ಟುಡಿಯೋದ ಕಥೆಯಲ್ಲೂ ಅವರಿಗೆ ಸಿಕ್ಕಿದ್ದು ಪೋಷಕ ಪಾತ್ರವೇ.

ಓದುಗರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಾಗ ಟಿ.ವಿ.ಯಲ್ಲಿ ಯಾವುದಾದರೂ ಕಪ್ಪುಬಿಳುಪು ಚಿತ್ರ ಸಿಕ್ಕರೆ, ನಾಯಕನ ಹಿಂದೆ ಎಡಕ್ಕೋ ಬಲಕ್ಕೋ ಕತ್ತು ಚಾಚಿ ನಿಂತವರನ್ನು ಹುಡುಕಿ. ಸಿಕ್ಕೇ ಸಿಗುತ್ತಾರೆ. ಪತ್ರ ಹೊರಗೆ ತೆಗೆದರೆ ಸಂಕೋಚ ಬೇಡ, ಬಾಯ್ತುಂಬ ಬೈಯಿರಿ, ಅವರು ಬದುಕಿನುದ್ದಕ್ಕೂ ದುಡಿದದ್ದು ಅದಕ್ಕಾಗಿಯೇ. ಕೇಳಿಸುವುದಿಲ್ಲವಲ್ಲ ಎಂದು ಯೋಚಿಸಬೇಡಿ. ಬಾಲಣ್ಣನವರಿಗೆ ಆಗಲೂ ಕೇಳಿಸುತ್ತಿರಲಿಲ್ಲ, ಬೈದವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು.